ಬೀದಿ ಗೊತ್ತಿದ್ದವರದೇ ರೇಸು: ಪಿಎಸ್‌ಪಿಯಲ್ಲಿ ‘ಮಿಡ್‌ನೈಟ್ ಕ್ಲಬ್ 3’ ಗೆಲ್ಲುವುದು ಹೇಗೆ?

ಕೈಯಲ್ಲಿ ಹಿಡಿದು ಆಡುವ ಸೋನಿಯ ಗೇಮ್ ಯಂತ್ರ ಪಿಎಸ್‌ಪಿಗೆ 2005ರಲ್ಲಿ ಬಂದ ‘ಮಿಡ್‌ನೈಟ್ ಕ್ಲಬ್ 3: ಡಬ್ ಎಡಿಷನ್’ ರೇಸಿಂಗ್ ಆಟವನ್ನು ಹೊಸದಾಗಿ ಹಿಡಿದವರು ಆಕ್ಸಿಲರೇಟರ್ ಒತ್ತಿದ ಬೆರಳನ್ನು ಎತ್ತುವುದೇ ಇಲ್ಲ. ಸೋಲುವುದೂ ಅದಕ್ಕೇ. ರಾಕ್‌ಸ್ಟಾರ್ ಕಂಪನಿಯ ಈ ಆಟದಲ್ಲಿ ಬಹುತೇಕ ರೇಸುಗಳಿಗೆ ಬೇಲಿ ಹಾಕಿದ ಟ್ರ್ಯಾಕ್ ಇಲ್ಲ. ಇರುವುದು ಸ್ಯಾನ್ ಡಿಯಾಗೊ, ಅಟ್ಲಾಂಟಾ, ಡೆಟ್ರಾಯಿಟ್ ಎಂಬ ಅಮೆರಿಕದ ಮೂರು ಊರು. ಚೆಕ್‌ಪಾಯಿಂಟ್, ಅಂದರೆ ನೀವು ಮುಟ್ಟಿ ಹೋಗಬೇಕಾದ ಜಾಗ, ಎಲ್ಲಿದೆಯೆಂದು ತೋರಿಸುತ್ತಾರೆ, ಯಾವ ಗಲ್ಲಿ ಹಿಡಿದು ಹೋಗುತ್ತೀರೋ ನಿಮ್ಮಿಷ್ಟ. ಇಲ್ಲಿ ಬೇಕಾಗುವುದು ಆಟೊ ಓಡಿಸುವವರ ಬುದ್ಧಿ.

ಮೊದಲು ಯಂತ್ರ. ಈಗ ಪಿಎಸ್‌ಪಿ ಎಂದರೆ ಸೆಕೆಂಡ್ ಹ್ಯಾಂಡೇ ಗತಿ. ಕೊಳ್ಳುವಾಗ ಹಿಂಬದಿಯ ಮುಚ್ಚಳ ತೆಗೆದು ಬ್ಯಾಟರಿ ಉಬ್ಬಿದೆಯೇ ನೋಡಿ. ನಾನು ನೋಡದೆ ತಂದೆ, ಎರಡೇ ವಾರಕ್ಕೆ ಮುಚ್ಚಳ ಕೂರದಾಯಿತು. ಆಟದ ಯುಎಂಡಿ ಡಿಸ್ಕಿನ ಪ್ಲಾಸ್ಟಿಕ್ ಕವಚ ಬಿರುಕು ಬಿಟ್ಟಿರಬಾರದು. ಮೊದಲ ಮಾದರಿಯಲ್ಲಿ ಮೆಮೊರಿ 32 ಎಂಬಿ, ಎರಡನೆಯದರಲ್ಲಿ 64. ಸಿಕ್ಕರೆ ಎರಡನೆಯದನ್ನೇ ತೆಗೆದುಕೊಳ್ಳಿ, ಯಾಕೆಂದರೆ ಮೊದಲನೆಯದರಲ್ಲಿ ಈ ಆಟ ಲೋಡ್ ಆಗುವಷ್ಟರಲ್ಲಿ ಹಾಲು ಕಾಯಿಸಿ ಕಾಫಿ ಬೆರೆಸಿಕೊಂಡು ಬರಬಹುದು.

ಇನ್ನು ಕೈಗೆ ಬನ್ನಿ. ಎಡಗಡೆ ಬಾಣದ ಬಟನ್‌ಗಳ ಕೆಳಗಿನ ಚಪ್ಪಟೆ ಗುಂಡಿಯೇ ಸ್ಟೇರಿಂಗ್. ಅದನ್ನು ಕೊನೆಯವರೆಗೂ ತಳ್ಳಿದರೆ ಗಾಡಿ ಹೋಗಿ ಗೋಡೆಗೆ ಬಡಿಯುತ್ತದೆ. ಸ್ವಲ್ಪ ಸ್ವಲ್ಪವೇ ಒತ್ತಿ, ಬಿಟ್ಟು, ಮತ್ತೆ ಒತ್ತುವುದನ್ನು ರೂಢಿಸಿಕೊಳ್ಳಿ. ಹೆಬ್ಬೆರಳು ಬೆವರಿದರೆ ಒರೆಸಿಕೊಳ್ಳಿ, ತಮಾಷೆಗೆ ಹೇಳುತ್ತಿಲ್ಲ.

ಆಟ ಶುರುವಾದ ಕೂಡಲೇ ರೇಸಿಗೆ ಇಳಿಯಬೇಡಿ. ಆರಂಭದ ಊರು ಸ್ಯಾನ್ ಡಿಯಾಗೊ. ಅರ್ಧ ಗಂಟೆ ಸುಮ್ಮನೆ ತಿರುಗಾಡಿ. ಯಾವ ಗಲ್ಲಿ ಎಲ್ಲಿಗೆ ಹೊರಳುತ್ತದೆ, ಹೈವೇಗೆ ಎಲ್ಲಿ ಹತ್ತಬಹುದು ಎಂಬುದು ತಲೆಯಲ್ಲಿ ಕೂರಲಿ.

ಈಗ ನಿಜವಾದ ತಲೆನೋವು: ಚೆಕ್‌ಪಾಯಿಂಟ್‌ಗಳನ್ನು ಯಾವ ಕ್ರಮದಲ್ಲಾದರೂ ಮುಟ್ಟಬಹುದಾದ ರೇಸು. ಅಟ್ಲಾಂಟಾದಲ್ಲಿ ಇಂಥದ್ದೊಂದರಲ್ಲಿ ಏಳು ಸಲ ಸೋತೆ. ಪ್ರತಿ ಸಲವೂ ಹತ್ತಿರದ್ದನ್ನೆಲ್ಲ ಮುಟ್ಟಿ, ಮೂಲೆಯಲ್ಲೊಂದನ್ನು ಉಳಿಸಿಕೊಂಡು, ಬಂದ ದಾರಿಯಲ್ಲೇ ವಾಪಸ್ ಓಡುತ್ತಿದ್ದೆ. ಎಂಟನೇ ಸಲ ಆಟ ನಿಲ್ಲಿಸಿ, ಮ್ಯಾಪ್ ನೋಡಿ, ಬಸ್ ಟಿಕೆಟ್ಟಿನ ಹಿಂದೆ ಚುಕ್ಕಿ ಇಟ್ಟುಕೊಂಡೆ. ರಂಗೋಲಿಯ ಎಳೆಯಂತೆ, ಒಂದೇ ಬೀದಿಯನ್ನು ಎರಡು ಸಲ ತುಳಿಯದೆ ಎಲ್ಲ ಚುಕ್ಕಿಯನ್ನೂ ಸುತ್ತಿ ಬರುವ ಗೆರೆ ಎಳೆದೆ. ಗೆದ್ದೆ, ಅದೂ ಎರಡು ಕಡೆ ಡಿಕ್ಕಿ ಹೊಡೆದುಕೊಂಡು. ಎದುರಾಳಿ ಎತ್ತ ಹೋದನೆಂದು ನೋಡಲೇಬೇಡಿ.

ಕ್ರಮವಾಗಿ ಮುಟ್ಟಬೇಕಾದ ರೇಸಿನಲ್ಲಿ ಮಾತ್ರ ಎದುರಾಳಿ ಕೆಲಸಕ್ಕೆ ಬರುತ್ತಾನೆ. ಅವನ ಬೆನ್ನಿಗೆ ಅಂಟಿಕೊಂಡು ಸಾಗಿದರೆ ಸ್ಲಿಪ್‌ಸ್ಟ್ರೀಮ್ ಮೀಟರ್ ತುಂಬುತ್ತದೆ, ತುಂಬಿದ ಮೇಲೆ ಆ ಬಲವನ್ನು ಬಿಟ್ಟರೆ ಗಾಡಿ ಚಿಮ್ಮುತ್ತದೆ. ಲಾರಿಯ ಹಿಂದೆ ಸೈಕಲ್ ತುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಿರುವಿನ ಮುಂಚೆ ಬಿಟ್ಟರೆ ದಂಡ, ನೇರ ರಸ್ತೆ ಸಿಗುವವರೆಗೆ ತಡೆದುಕೊಳ್ಳಿ. ಎಂಜಿನ್ನಿಗೆ ಕ್ಷಣಕಾಲ ಹೆಚ್ಚಿನ ಜೋರು ಕೊಡುವ ನೈಟ್ರಸ್‌ಗೂ ಇದೇ ಮಾತು.

ಗಾಡಿಯ ಜಾತಿಗೊಂದು ವಿಶೇಷ ಶಕ್ತಿಯೂ ಇದೆ. ಸ್ಪೋರ್ಟ್ಸ್ ಬೈಕುಗಳಲ್ಲಿ ‘ಝೋನ್’ ಹಾಕಿದರೆ ಹೊತ್ತು ನಿಧಾನವಾಗುತ್ತದೆ, ಸಂದಿಯಲ್ಲಿ ನುಸುಳಬಹುದು. ಎಸ್‌ಯುವಿಗಳ ‘ಆ್ಯಗ್ರೊ’ ಟ್ರಾಫಿಕ್ಕನ್ನು ಗುದ್ದಿ ಹಾರಿಸುತ್ತದೆ. ದೊಡ್ಡ ಎಂಜಿನ್ನಿನ ಮಸಲ್ ಕಾರುಗಳ ‘ರೋರ್’ ಅಬ್ಬರಕ್ಕೆ ಎದುರಿನ ಗಾಡಿಗಳು ಚೆದುರುತ್ತವೆ. ನನ್ನ ಮತ ಝೋನ್‌ಗೆ.

ಗೆದ್ದ ದುಡ್ಡು ಮೊದಲು ಎಂಜಿನ್ನಿಗೆ, ಟೈರಿಗೆ. ಬಣ್ಣ, ನಿಯಾನ್ ದೀಪ, ಹೊಳೆಯುವ ರಿಮ್ಮು ಆಮೇಲೆ. ಡಬ್ ಎಂಬ ಕಾರ್ ಪತ್ರಿಕೆಯ ಹೆಸರು ಹೊತ್ತ ಆಟದಲ್ಲಿ ಇಷ್ಟು ಬಿಗಿಹಿಡಿಯುವುದು ಕಷ್ಟವೇ, ಒಪ್ಪುತ್ತೇನೆ.

ರೇಸಿನ ನಡುವೆ ಊಟಕ್ಕೆ ಕರೆದರೆ ಬಲಬದಿಯ ಪವರ್ ಸ್ವಿಚ್ಚನ್ನು ಒಮ್ಮೆ ಮೇಲಕ್ಕೆ ತಳ್ಳಿ ಬಿಡಿ. ಯಂತ್ರ ಮಲಗುತ್ತದೆ, ಕೈತೊಳೆದು ಬಂದು ಎಬ್ಬಿಸಿದರೆ ಗಾಡಿ ಅದೇ ತಿರುವಿನಲ್ಲಿರುತ್ತದೆ. ಬ್ಯಾಟರಿಯ ಲೈಟ್ ಮಿನುಗುತ್ತಿದ್ದರೆ ಮಾತ್ರ ಚಾರ್ಜರ್ ಸಿಕ್ಕಿಸಿಯೇ ಏಳಿ.