ಮಿನಿಕಾಯ್ ದ್ವೀಪಕ್ಕೆ ಹೋಗುವ ಮುನ್ನ

ಲಕ್ಷದ್ವೀಪದ ದಕ್ಷಿಣದ ತುದಿಯಲ್ಲಿರುವ, ಅಲ್ಲಿಯವರು ಮಲಿಕು ಎಂದು ಕರೆಯುವ ಮಿನಿಕಾಯ್‌ಗೆ ಹೋಗಬಯಸುವವರು ಮೊದಲು ಪ್ರವೇಶ ಪರವಾನಗಿ ಪಡೆಯಬೇಕು. ಮುಂಗಾರಿನಲ್ಲಿ ಕಡಲು ಒರಟಾಗುವುದರಿಂದ ಆ ತಿಂಗಳುಗಳನ್ನು ಬಿಟ್ಟು ಪ್ರಯಾಣ ಗೊತ್ತುಮಾಡಿಕೊಳ್ಳುವುದು ಲೇಸು.

ಮಂಗಳೂರಿನ ಕಡೆಯ ಬ್ಯಾರಿ ಭಾಷಿಕರಿಗೆ ಉಳಿದ ದ್ವೀಪಗಳಲ್ಲಿ ಆಡುವ, ಮಲಯಾಳದ ಒಂದು ಬಗೆಯಾದ ಜೆಸರಿ ಮಾತು ಪರಿಚಿತವೆನಿಸಬಹುದು. ಆದರೆ ಇಲ್ಲಿಯ ಮಹಲ್ ಭಾಷೆ ಮಾಲ್ಡೀವ್ಸ್‌ನ ದಿವೇಹಿಯ ಬಳಗದ್ದು, ಲಿಪಿಯೂ ಬಲದಿಂದ ಎಡಕ್ಕೆ ಸಾಗುತ್ತದೆ. ದ್ವೀಪವಾಸಿಗಳು ಮುಸ್ಲಿಮರು, ಮೈಮುಚ್ಚುವ ಉಡುಪು ಧರಿಸಿ, ಶುಕ್ರವಾರದ ನಮಾಜಿನ ಹೊತ್ತನ್ನು ಗಮನದಲ್ಲಿಟ್ಟುಕೊಂಡು, ಹೆಂಗಸರ ಚಿತ್ರ ತೆಗೆಯುವ ಮೊದಲು ಅನುಮತಿ ಕೇಳಿ. ಮದ್ಯ ನಿಷಿದ್ಧ, ಆ ಬಗ್ಗೆ ಚರ್ಚೆಯೇ ಬೇಡ.

ನೀರಿನ ವಿಷಯದಲ್ಲಿ ಮಾತ್ರ ಹೆಚ್ಚಿನ ಎಚ್ಚರ ಬೇಕು. ಹವಳದ ಮರಳಿನಡಿ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೆಳುಪದರವಾಗಿ ತೇಲುತ್ತಿರುತ್ತದೆ. ಅತಿಯಾಗಿ ಎತ್ತಿದರೆ ಬಾವಿಯೇ ಉಪ್ಪಾಗುತ್ತದೆ. ಆದ್ದರಿಂದ ನಲ್ಲಿ ಹರಿಯಬಿಟ್ಟು ಸ್ನಾನ ಮಾಡುವ ಊರಿನ ಅಭ್ಯಾಸವನ್ನು ದಡದಲ್ಲೇ ಬಿಟ್ಟು, ಬಕೆಟ್ಟಿನಲ್ಲಿ ಅಳೆದು ಬಳಸಿ. ಪ್ಲಾಸ್ಟಿಕ್ ಕಸವನ್ನು ಜೊತೆಯಲ್ಲೇ ಮರಳಿ ತನ್ನಿ.

ಮನೆಗೆ ಒಯ್ಯಲು ಏನಾದರೂ ಕೊಳ್ಳುವುದಿದ್ದರೆ ಮಾಸ್ ಎಂಬ ಒಣಮೀನು ಕೊಳ್ಳಿ. ಜೀವಂತ ಮರಿಮೀನುಗಳನ್ನು ಎರಚಿ ಗಾಳಕೋಲಿನಿಂದ ಒಂದೊಂದಾಗಿ ಹಿಡಿದ ಸೂರೆಮೀನನ್ನು (ಟ್ಯೂನಾ) ಬೇಯಿಸಿ, ಹೊಗೆಯಾಡಿಸಿ, ಬಿಸಿಲಿಗೆ ಒಣಗಿಸಿದಾಗ ಅದು ಕಟ್ಟಿಗೆಯಂತೆ ಗಟ್ಟಿಯಾಗಿ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ತುಂಡನ್ನು ಹಾಗೇ ಕಚ್ಚಲು ಹೋಗಬೇಡಿ. ತೆಳುವಾಗಿ ಹೆರೆದು ತೆಂಗಿನತುರಿಯೊಂದಿಗೆ ಬೆರೆಸಬೇಕು.