ಊರಿನ ಅಂದ ಕೆಡಿಸದೆ ಹೋಂಸ್ಟೇ ಮಾಡೋದು ಹೇಗೆ: ಒಬ್ಬ ಕಲಾವಿದ ದ್ವೀಪ ಉಳಿಸಿದ ದಾರಿ

ಸಿಗಂದೂರು ಸೇತುವೆ 2025ರ ಜುಲೈನಲ್ಲಿ ತೆರೆದ ಮೇಲೆ ಶರಾವತಿ ಹಿನ್ನೀರಿನ ಆಚೆ ದಡಕ್ಕೆ ಲಾಂಚ್ ಕಾಯದೆ ಕಾರಲ್ಲೇ ಹೋಗಬಹುದು. ಜನ ಜಾಸ್ತಿ ಬರ್ತಾರೆ, ಹೋಂಸ್ಟೇಗಳೂ ಏಳುತ್ತವೆ. ಏಳಲಿ. ಆದರೆ ತುಮರಿ, ಸಾಗರ, ಹೊಸನಗರ ಕಡೆ ಕಟ್ಟೋ ಯೋಚನೆಯಲ್ಲಿ ಇರೋರು ಅದಕ್ಕೆ ಮುಂಚೆ ಸೆಸಾರ್ ಮನ್ರಿಕೆ ಏನು ಮಾಡಿದರು ಅಂತ ತಿಳ್ಕೊಳ್ಳಬೇಕು.

ಮನ್ರಿಕೆ ಚಿತ್ರಕಾರ. ಆಫ್ರಿಕಾ ಕರಾವಳಿಗೆ ಹತ್ತಿರ ಇರೋ, ಸ್ಪೇನ್‌ಗೆ ಸೇರಿದ ಲಾನ್ಸರೋಟೆ ದ್ವೀಪದಲ್ಲಿ 1919ರಲ್ಲಿ ಹುಟ್ಟಿದವರು. ಮ್ಯಾಡ್ರಿಡ್, ನ್ಯೂಯಾರ್ಕ್‌ನಲ್ಲೆಲ್ಲ ಇದ್ದು 1960ರ ದಶಕದಲ್ಲಿ ಊರಿಗೆ ವಾಪಸ್ ಬಂದರು. ಆಗಷ್ಟೇ ಪ್ರವಾಸಿಗರು ಬರೋಕೆ ಶುರುವಾಗಿತ್ತು. ಅವರು ಹಳೇ ಮನೆ, ಬಾಗಿಲು, ಕಿಟಕಿ, ಚಿಮಣಿಗಳನ್ನೆಲ್ಲ ದಾಖಲಿಸಿ 1974ರಲ್ಲಿ ಪುಸ್ತಕವನ್ನೇ ತಂದರು.

ನೀವೂ ಅಲ್ಲಿಂದಲೇ ಶುರು ಮಾಡಿ. ಇಂಜಿನಿಯರ್ ಹತ್ತಿರ ಹೋಗೋ ಮುಂಚೆ ಒಂದು ಟೇಪ್, ಒಂದು ನೋಟ್‌ಬುಕ್ ಹಿಡಿದು ಊರು ಸುತ್ತಿ. ಜಗುಲಿ ಎಷ್ಟು ಅಗಲ, ಜಂಬಿಟ್ಟಿಗೆ ಗೋಡೆ ಎಷ್ಟು ದಪ್ಪ, ಹಂಚಿನ ಮಾಡಿನ ಸೂರು ಗೋಡೆಯಿಂದ ಎಷ್ಟು ಮುಂದೆ ಚಾಚಿದೆ, ಎಲ್ಲ ಅಳೆದು ಬರ್ಕೊಳ್ಳಿ. ನಮ್ಮ ಮಳೆಗೆ ಗೋಡೆ ಕಾಯೋದು ಆ ಸೂರೇ. ಚಪ್ಪಟೆ ಆರ್‌ಸಿಸಿ ಹಾಕಿ, ಸೋರುತ್ತೆ ಅಂತ ಆಮೇಲೆ ತಗಡಿನ ಶೀಟ್ ಹೊದಿಸಿದ ಮನೆಗಳನ್ನ ನೋಡೇ ಇರ್ತೀರಿ, ಅಲ್ವಾ?

ಆಮೇಲೆ ಜಾಗ. ಜೆಸಿಬಿ ತಂದು ಗುಡ್ಡ ಕೊರೀಬೇಡಿ. ಮನ್ರಿಕೆ ತಮ್ಮ ಮನೆ ಕಟ್ಟಿದ್ದು ಲಾವಾ ಹರಿದಾಗ ಒಳಗೆ ಉಳಿದ ಐದು ಪೊಳ್ಳುಗಳಲ್ಲಿ. 1990ರಲ್ಲಿ ತೆರೆದ ಅವರ ಕಳ್ಳಿ ತೋಟ ಇರೋದೂ ಹಳೇ ಕ್ವಾರಿಯಲ್ಲಿ. ನಮ್ಮಲ್ಲೂ ಜಂಬಿಟ್ಟಿಗೆ ತೆಗೆದು ಬಿಟ್ಟ ಗುಂಡಿಗಳಿವೆ. ನೀರು ಹೋಗೋಕೆ ಕಾಲುವೆ ತೆಗೆದು, ಅಂಚಿಗೆ ಬೇಲಿ ಹಾಕಿದರೆ ಒಳ್ಳೆ ಕೂರೋ ಜಾಗ ಆಗುತ್ತೆ. ಇದಕ್ಕೆ ಮೊದಲು ಪರವಾನಗಿ ವಿಚಾರಿಸಿ.

ಬರೋರಿಗೆ ಏನು ಮಾಡಬಾರದು ಅಂತ ಹೇಳೋಕೆ ಸಂಕೋಚ ಬೇಡ. ಮನ್ರಿಕೆ ರೂಪಿಸಿದ ಹಾಮೆಯೋಸ್ ದೆಲ್ ಆಗುವಾ ಅನ್ನೋ ಗುಹೆಯ ಕೊಳದಲ್ಲಿ ಬೆರಳಿನ ಉಗುರಷ್ಟೇ ಇರೋ ಬಿಳಿ, ಕುರುಡು ಏಡಿಗಳಿವೆ. ನಾಣ್ಯ ಎಸೆದರೆ ಲೋಹ ಕರಗಿ ಅವಕ್ಕೆ ವಿಷ ಆಗುತ್ತೆ, ಹಾಗಾಗಿ ನಾಣ್ಯ ಎಸೆಯೋದು ನಿಷಿದ್ಧ. ನಿಮ್ಮೂರಿನ ದೇವರಕಾಡಿಗೂ ಇಷ್ಟೇ ಸ್ಪಷ್ಟವಾದ ನಿಯಮ ಬೇಕು.

ಹಸೆ ಚಿತ್ತಾರದ ಬಗ್ಗೆ ನನಗೆ ತುಂಬಾ ಕಾಳಜಿ ಇದೆ. ದೀವರ ಸಮುದಾಯದ ಹೆಂಗಸರು ಕೆಮ್ಮಣ್ಣಿನ ಗೋಡೆ ಮೇಲೆ ಅಕ್ಕಿ ಅರೆದ ಬಿಳಿ ಬಣ್ಣದಲ್ಲಿ, ಪುಂಡಿನಾರಿನ ಕುಂಚದಿಂದ ಎಳೆಯೋ ಗೆರೆ ದಾರದಷ್ಟು ಸಣ್ಣ. ಅದನ್ನ ಫೋಟೋ ಹೊಡೆದು ಸ್ಟಿಕ್ಕರ್ ಮಾಡಿ ರಿಸೆಪ್ಶನ್‌ಗೆ ಅಂಟಿಸಬೇಡಿ. ಬರೆಯೋರನ್ನ ಕೊನೆಗೆ ಅಲಂಕಾರಕ್ಕೆ ಅಂತ ಕರೆಯೋ ಬದಲು ಗೋಡೆ ಏಳುವಾಗಲೇ ಕರೆಯಿರಿ. ಯಾವ ಗೋಡೆಗೆ ಇರಚಲು ಹೊಡೆಯಲ್ಲ, ಗಾರೆ ಎಷ್ಟು ನುಣುಪಾಗಿರಬೇಕು ಅಂತ ಅವರೇ ಹೇಳಲಿ. ಕೂಲಿ ಲೆಕ್ಕ ಬೇಡ, ಕಲೆಯ ಬೆಲೆ ಮಾತಾಡಿ ಕೊಡಿ, ಅವರು ಒಪ್ಪಿದರೆ ಹೆಸರೂ ಬರೆಸಿ.

ಬೋರ್ಡ್ ವಿಷಯ ಒಬ್ಬರಿಂದ ಆಗೋದಲ್ಲ. ಲಾನ್ಸರೋಟೆಯ ರಸ್ತೆ ಬದಿಯಲ್ಲಿ ದೊಡ್ಡ ಜಾಹೀರಾತು ಫಲಕಗಳಿಲ್ಲ, ಮನೆಗಳು ತಗ್ಗಾಗಿ ಬೆಳ್ಳಗಿವೆ. ಮನ್ರಿಕೆಗೆ ಇದು ಸಾಧ್ಯ ಆಗಿದ್ದು ದ್ವೀಪದ ಆಡಳಿತದ ಅಧ್ಯಕ್ಷರಾಗಿದ್ದ ಗೆಳೆಯ ಪೆಪಿನ್ ರಾಮಿರೆಸ್ ಜೊತೆಗಿದ್ದರಿಂದ. ಅಷ್ಟಾದರೂ 1980ರ ದಶಕದಲ್ಲಿ ಹೋಟೆಲುಗಳು ಮಿತಿಮೀರಿ ಏಳತೊಡಗಿದವು, ಅದರ ವಿರುದ್ಧ ಅವರೇ ದನಿ ಎತ್ತಬೇಕಾಯ್ತು. ಹಾಗಾಗಿ ಮುಂದಿನ ಗ್ರಾಮಸಭೆಗೆ ಅಕ್ಕಪಕ್ಕದವರನ್ನೂ ಕರ್ಕೊಂಡು ಹೋಗಿ. ಫ್ಲೆಕ್ಸ್ ಎಲ್ಲಿ ಹಾಕಬಾರದು, ಎಷ್ಟು ಮಹಡಿಗೆ ನಿಲ್ಲಿಸಬೇಕು, ಕೊಳಚೆ ನೀರು ಹಿನ್ನೀರಿಗೆ ಸೇರದ ಹಾಗೆ ಏನು ಮಾಡಬೇಕು ಅಂತ ಮಾತಾಡಿ ನಿರ್ಣಯ ಮಾಡಿಸಿ. ನಡಾವಳಿ ಪುಸ್ತಕದಲ್ಲಿ ಬರೆದಿದ್ದನ್ನ ಓದಿ ನೋಡಿ, ಒಂದು ನಕಲು ಕೇಳಿ ತಗೊಳ್ಳಿ.