ಮೇಲೆ ಕರಿ, ಒಳಗೆ ಗಿಣ್ಣು: ಪುಟ್ಟ ಬಾಸ್ಕ್ ಚೀಸ್‌ಕೇಕ್

ಮೊದಲ ಸಲ ಇದನ್ನು ಓವನ್‌ನಿಂದ ಹೊರತೆಗೆದಾಗ ಅತ್ತೆ ಬಂದು ಇಣುಕಿ, ‘ಅಯ್ಯೋ, ಸೀದು ಹೋಯ್ತಲ್ಲೇ!’ ಅಂದರು. ಸೀಯಬೇಕಾದದ್ದೇ ಅಂತ ಎಷ್ಟು ಹೇಳಿದರೂ ನಂಬಲಿಲ್ಲ, ಕೊನೆಗೆ ಒಂದು ಚಮಚ ಬಾಯಿಗೆ ಹಾಕಬೇಕಾಯಿತು.

ಸ್ಪೇನಿನ ಬಾಸ್ಕ್ ಸೀಮೆಯ ಸಾನ್ ಸೆಬಾಸ್ಟಿಯನ್ ಊರಿನಲ್ಲಿ ಲಾ ವಿನ್ಯಾ ಎಂಬ ಬಾರ್ ಇದೆ. ಅಲ್ಲಿನ ಸಾಂಟಿಯಾಗೊ ರಿವೇರಾ 1990ರ ಸುಮಾರಿಗೆ ಈ ಕೇಕ್ ಮಾಡತೊಡಗಿದರು. ತಳಕ್ಕೆ ಬಿಸ್ಕತ್ತಿನ ಪದರವಿಲ್ಲ, ನೀರಿನ ತಟ್ಟೆಯಲ್ಲಿಟ್ಟು ಬೇಯಿಸುವ ರಗಳೆಯಿಲ್ಲ. ಜೋರು ಶಾಖ ಕೊಟ್ಟರೆ ನೆತ್ತಿ ಕಪ್ಪಾಗುತ್ತದೆ, ಹೊಟ್ಟೆ ಗಿಣ್ಣಿನ ಹಾಗೆ ಮೆತ್ತಗೆ ಉಳಿಯುತ್ತದೆ.

ಪುಟ್ಟದು ಮಾಡುವುದು ಸುಲಭ ಅಂದುಕೊಂಡಿದ್ದೆ. ಅಲ್ಲ. ಮಫಿನ್ ಅಚ್ಚಿನಷ್ಟು ಹಿಟ್ಟು ಬೇಗ ಬೆಂದುಬಿಡುತ್ತದೆ. ಮೇಲೆ ಕಪ್ಪಾಗುವಷ್ಟರಲ್ಲಿ ಒಳಗೆ ರಬ್ಬರು! ಹಾಗಾಗಿ ಹಿಟ್ಟು ತಣ್ಣಗಿರಬೇಕು, ಓವನ್ ಕೆಂಡವಾಗಿರಬೇಕು.

ಆರು ಅಚ್ಚಿಗೆ ಬೇಕಾದದ್ದು: ಕ್ರೀಮ್ ಚೀಸ್ 250 ಗ್ರಾಂ, ಸಕ್ಕರೆ 90 ಗ್ರಾಂ, ಮೊಟ್ಟೆ 2, ಫ್ರೆಶ್ ಕ್ರೀಮ್ 125 ಮಿ.ಲೀ., ಮೈದಾ 1 ಟೀ ಚಮಚ, ಚಿಟಿಕೆ ಉಪ್ಪು. ಕೇಕಿನ ಮೇಲೆ ಹಚ್ಚುವ ಸಿಹಿ ವಿಪ್ಪಿಂಗ್ ಕ್ರೀಮ್ ಬೇಡ, ಅದರಲ್ಲಿ ಹೆಚ್ಚಾಗಿ ಇರುವುದು ವನಸ್ಪತಿ ಕೊಬ್ಬು. ಕ್ರೀಮ್ ಚೀಸ್ ದುಬಾರಿ ಅನಿಸಿದರೆ 80 ಗ್ರಾಂನಷ್ಟಕ್ಕೆ ಬದಲಾಗಿ ಡೇರಿಯಲ್ಲಿ ಸಿಗುವ ಚಕ್ಕಾ, ಅಂದರೆ ನೀರು ಬಸಿದ ಗಟ್ಟಿ ಮೊಸರು ಹಾಕಿ. ಮುಂಬಯಿಯಲ್ಲಿರುವ ನಮಗೆ ಶ್ರೀಖಂಡದ ಈ ಚಕ್ಕಾ ಬೀದಿ ತುದಿಯಲ್ಲೇ ಸಿಗುತ್ತದೆ. ಹುಳಿಯಿಲ್ಲದ್ದನ್ನೇ ಕೇಳಿ ತನ್ನಿ, ಮೈದಾ ಇನ್ನರ್ಧ ಚಮಚ ಜಾಸ್ತಿ ಮಾಡಿ.

ಕ್ರೀಮ್ ಚೀಸನ್ನು ಅರ್ಧ ಗಂಟೆ ಹೊರಗಿಟ್ಟು ಮೆತ್ತಗಾಗಲು ಬಿಡಿ. ನಮ್ಮ ಸೆಕೆಗೆ ಅಷ್ಟು ಧಾರಾಳ ಸಾಕು. ಸಕ್ಕರೆ, ಉಪ್ಪು ಸೇರಿಸಿ ಗಂಟಿಲ್ಲದಂತೆ ಮರದ ಸೌಟಿನಿಂದ ಉಜ್ಜಿ. ಮೊಟ್ಟೆ ಒಂದೊಂದಾಗಿ ಹಾಕಿ, ಆಮೇಲೆ ಕ್ರೀಮ್, ಕಡೆಗೆ ಮೈದಾ. ಬೀಟರ್ ಹಿಡಿದು ನೊರೆ ಬರಿಸಬೇಡಿ. ಗಾಳಿ ಸೇರಿದರೆ ಬೇಯುವಾಗ ಬುರ್ರನೆ ಉಬ್ಬಿ ಬಿರಿಯುತ್ತದೆ. ಜರಡಿಯಲ್ಲಿ ಸೋಸಿ ಫ್ರಿಜ್‌ನಲ್ಲಿ ಅರ್ಧ ಗಂಟೆ ಇಡಿ.

ಅಷ್ಟರಲ್ಲಿ ಕಾಗದದ ಕೆಲಸ. ತಿಂಡಿ ಕಟ್ಟುವ ತೆಳು ಬಟರ್ ಪೇಪರ್ ಅಲ್ಲ, ಬೇಕಿಂಗ್ ಪೇಪರೇ ಬೇಕು. ಕ್ರಾಫರ್ಡ್ ಮಾರ್ಕೆಟ್‌ನ ಕೇಕ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಐದಿಂಚಿನ ಚೌಕ ಕತ್ತರಿಸಿ, ಮುದ್ದೆ ಮಾಡಿ, ಬಿಡಿಸಿ, ಲೋಟದ ತಳದಿಂದ ಅಚ್ಚಿನೊಳಗೆ ಒತ್ತಿ. ಅಂಚು ಅಚ್ಚಿನಿಂದ ಒಂದು ಬೆರಳಿನಷ್ಟು ಮೇಲೆ ನಿಂತರೆ ಸಾಕು. ನಾನು ಒಮ್ಮೆ ಸೊಗಸಿಗೆಂದು ಎತ್ತರ ಬಿಟ್ಟಿದ್ದೆ. ಒಂದು ತುದಿ ಮೇಲಿನ ರಾಡಿಗೆ ತಾಗಿ ಹೊತ್ತಿಕೊಂಡಿತು. ಸ್ವಿಚ್ ಆರಿಸಿ, ಬಾಗಿಲು ತೆರೆಯದೆ ಬೆಂಕಿ ತಾನೇ ನಂದುವವರೆಗೆ ಉಸಿರು ಬಿಗಿಹಿಡಿದು ನಿಂತಿದ್ದೆ.

ಒಟಿಜಿಯ (ಮೇಜಿನ ಮೇಲಿಡುವ ಕರೆಂಟಿನ ಓವನ್) ಎರಡೂ ರಾಡ್ ಹಾಕಿ, 230 ಡಿಗ್ರಿಗೆ ಇಟ್ಟು 20 ನಿಮಿಷ ಕಾಯಿಸಿ. ಹಳೇ ಕಟ್ಟಡವಾದರೆ ಗೀಸರ್, ಎಸಿ ಆಗ ಬೇಡ, ಲೋಡು ಹೆಚ್ಚಾಗಿ ಎಂಸಿಬಿ (ಕರೆಂಟು ಕಡಿಯುವ ಸ್ವಿಚ್) ಬಿದ್ದರೆ ಅರ್ಧ ಬೆಂದ ಕೇಕ್ ಕತೆ ಮುಗಿಯಿತು. ತಣ್ಣನೆಯ ಹಿಟ್ಟನ್ನು ಮುಕ್ಕಾಲು ತುಂಬಿಸಿ, ನಡುವಿಗಿಂತ ಒಂದು ಮೆಟ್ಟಿಲು ಮೇಲೆ ಇಡಿ. 14 ನಿಮಿಷಕ್ಕೆ ನೋಡಲು ಶುರುಮಾಡಿ, 18 ದಾಟುವುದು ಅಪರೂಪ.

ತೆಗೆಯುವ ಹೊತ್ತು ತಿಳಿಯುವುದರಲ್ಲೇ ಜಾಣತನ. ತಟ್ಟೆಯನ್ನು ಮೆಲ್ಲಗೆ ಅಲುಗಿಸಿ. ಅಂಚು ಗಟ್ಟಿ ನಿಂತು, ನಡುವೆ ರೂಪಾಯಿಯಗಲ ಭಾಗ ಗಿಣ್ಣಿನ ಹಾಗೆ, ಇಲ್ಲಿಯವರು ಖರ್ವಸ್ ಅನ್ನುತ್ತಾರಲ್ಲ, ಅದರ ಹಾಗೆ ತುಳುಕಬೇಕು. ನೀರಿನಂತೆ ಅಲೆಯೆದ್ದರೆ ಇನ್ನೆರಡು ನಿಮಿಷ. ಅಲುಗಾಟವೇ ಇಲ್ಲವೆಂದರೆ ತಡವಾಯಿತು. ಮೊಟ್ಟೆ ಬಿಗಿದುಕೊಂಡು ತರಿತರಿ ಆಗಿರುತ್ತದೆ. ಬಣ್ಣ ಸಾಲದಿದ್ದರೆ ಕೊನೆಯ ಎರಡು ನಿಮಿಷ ಮೇಲಿನ ರಾಡ್ ಮಾತ್ರ ಉರಿಯಲಿ, ಅಲ್ಲಿಂದ ಕದಲಬೇಡಿ.

ಹೊರಬಂದ ಮೇಲೆ ಉಬ್ಬಿದ್ದು ಕುಸಿದು ನಡುವೆ ಗುಳಿ ಬೀಳುತ್ತದೆ. ಗಾಬರಿ ಬೇಡ. ಬಿಸಿ ಆರುತ್ತಾ ಒಳಗಿನದು ಹದಕ್ಕೆ ಬರುತ್ತದೆ. ಪೂರ್ತಿ ಆರಿದ ಮೇಲೆ ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿ ಫ್ರಿಜ್‌ಗೆ ಸೇರಿಸಿ, ನಾಲ್ಕು ಗಂಟೆ. ಡಬ್ಬಿ ಬಿಗಿಯಿರಲಿ ಅಂತ ಒತ್ತಿ ಹೇಳುವುದೇಕೆಂದರೆ, ಚೀಸ್ ಸುತ್ತಲಿನ ವಾಸನೆಯನ್ನೆಲ್ಲ ಹೀರುತ್ತದೆ. ನಮ್ಮನೆ ಫ್ರಿಜ್‌ನಲ್ಲಿ ಅವತ್ತು ಪಕ್ಕದಲ್ಲಿದ್ದದ್ದು ಬಂಗುಡೆ ಗಸಿ.